ಐದು ನಿಮಿಷದ ಕತ್ತಲು

"ಕೈ ತೆಗಿ ಅಂದ್ನಲ್ಲ!" ಆಸ್ಪತ್ರೆಯ ಮಂಚದ ಮೇಲಿದ್ದ ಮುದುಕ ಎಸ್ಟಿಲ್ ನೇಪಿಯರ್ ಸ್ಟೆತಸ್ಕೋಪನ್ನು ಪಕ್ಕಕ್ಕೆ ತಳ್ಳಿಬಿಟ್ಟ. "ಬೆಳಗಿಂದ ನಾಲ್ಕು ಹುಡುಗೀರು ಬಂದು ಬೆನ್ನಿಗೆ ಇಟ್ಟು ಕೇಳ್ಕೊಂಡು ಹೋದ್ರು. ನನ್ನ ಬೆನ್ನೇನು ರೇಡಿಯೋನಾ?"

ಲೋವೆಲ್ ಸ್ಟಿಡಮ್ ಕದಲಲಿಲ್ಲ. ನಲವತ್ತನಾಲ್ಕನೇ ವಯಸ್ಸಿನಲ್ಲಿ ನರ್ಸಿಂಗ್ ವಿದ್ಯಾರ್ಥಿಯ ನೀಲಿ ಅಂಗಿ ತೊಟ್ಟವನು. ಎರಡು ವರ್ಷದ ಕೋರ್ಸಿನಲ್ಲಿ ಒಂದೂವರೆ ವರ್ಷ ಹೇಗೋ ದಾಟಿದ್ದ. ಆದರೆ ರೋಗಿಯ ಎದೆಯ ಸದ್ದು ಗುರುತಿಸುವ ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದ. ಹದಿನೇಳು ವರ್ಷ ಕಲ್ಲಿದ್ದಲು ಕೊರೆಯುವ ಯಂತ್ರದ ಪಕ್ಕದಲ್ಲಿ ನಿಂತು ಕಿವಿ ಮಂದವಾಗಿತ್ತು. ಇವತ್ತು ಮೂರನೇ ಸಲವೂ ತಪ್ಪಿದರೆ ಕಾಲೇಜು ಬಿಡಬೇಕು. ಇನ್ನು ಹತ್ತು ನಿಮಿಷಕ್ಕೆ ಪರೀಕ್ಷೆ ನಡೆಸುವ ಗೇಹಾರ್ಟ್ ಮೇಡಂ ಬಂದು ಉತ್ತರ ಕೇಳುತ್ತಾರೆ.

ಮುದುಕನ ಕಣ್ಣು ಅವನ ಗದ್ದದ ಮೇಲೆ ನಿಂತಿತು. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ, ಮಾಯ್ದು ಉಳಿದ ನೀಲಿ ಗೆರೆ. ಅಂಥವೇ ಎರಡು ಮುದುಕನ ಹಣೆಯ ಮೇಲೂ ಇದ್ದವು.

"ಯಾವ ಗಣಿ, ತಮ್ಮಾ?"

"ಹಳ್ಳದಾಚೆ ಇತ್ತಲ್ಲ, ನಾಲ್ಕನೇ ನಂಬರು. ಮುಚ್ಚಿ ಮೂರು ವರ್ಷ ಆಯ್ತು."

"ಅದಕ್ಕೇ ಈ ಹುಡುಗೀರ ಜತೆ ಪಾಠಕ್ಕೆ ಕೂತ್ಯಾ!" ಮುದುಕ ನಕ್ಕ. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ಇಳಿದ ಮೇಲೆ ದನಿ ತಗ್ಗಿಸಿದ. "ಗಣಿ ನೆನಪಾಗುತ್ತಾ?"

ಲೋವೆಲ್‌ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಗಣಿ ಮುಚ್ಚಿದ ದಿನ ಹೆಂಡತಿ ಅಡುಗೆಮನೆಯಲ್ಲೇ ಮಂಡಿಯೂರಿ ದೇವರ ಉಪಕಾರ ನೆನೆದಿದ್ದಳು. ಅವಳೆದುರು ಬಾಯಿ ಬಿಡುವುದು ಹೇಗೆ?

"ದಿನಾ," ಎಂದ. "ಊಟದ ಡಬ್ಬಿ ಮುಚ್ಚಿದ ಮೇಲೆ ಎಂಟು ಜನಾನೂ ತಲೆದೀಪ ಆರಿಸಿ ಐದು ನಿಮಿಷ ಸುಮ್ನೆ ಕೂರ್ತಿದ್ವಿ. ಯಾವ ಉಸಿರು ಯಾರದ್ದು ಅಂತ ನನ್ನ ಈ ಕಿವಿಗೂ ಗೊತ್ತಾಗೋದು. ಅಂಥ ಕತ್ತಲು ಈಗ ಎಲ್ಲೂ ಸಿಗಲ್ಲ, ಯಜಮಾನ್ರೇ. ಮಲಗೋ ಕೋಣೆಗೂ ಬೀದಿದೀಪ ಬಂದು ಬೀಳುತ್ತೆ."

ಮುದುಕ ಕಿಟಕಿಯತ್ತ ಕೈ ತೋರಿಸಿದ. "ಕಿಟಕಿ ಪರದೆ ಎಳಿ. ದೀಪ ಆರಿಸು."

"ಮೇಡಂ ಬರ್ತಾರೆ..."

"ಬರ್ಲಿ ಬಿಡು. ಬಾಗಿಲ ಕೆಳಗೆ ಟವೆಲ್ ತುರುಕು."

ಬೆಳಗಿನ ಹನ್ನೊಂದು ಗಂಟೆಗೆ ಕೋಣೆ ಕಪ್ಪಾಯಿತು. ಲೋವೆಲ್ ಮಂಚದ ಪಕ್ಕ ಬಂದು ಕೂತ. ಆಮೇಲೆ ಮಂಚ ಕಿರುಗುಟ್ಟಿತು. ಮುದುಕ ತಾನಾಗಿಯೇ ಮುಂದಕ್ಕೆ ಬಾಗಿ ಬೆನ್ನು ಕೊಟ್ಟಿದ್ದ. ಲೋವೆಲ್ ತಡವಿ ತಡವಿ ಸ್ಟೆತಸ್ಕೋಪ್ ಇಟ್ಟ. ಮುದುಕ ಇದ್ದಬದ್ದ ಬಲವೆಲ್ಲ ಹಾಕಿ ಉಸಿರೆಳೆದುಕೊಂಡ. ಆಳದಲ್ಲಿ ಹಸಿ ಸೌದೆ ಹೊತ್ತಿಕೊಂಡಂತೆ ಸಣ್ಣಗೆ ಚಟಪಟ ಕೇಳಿಸಿತು.

ಬಾಗಿಲು ತೆರೆಯಿತು, ದೀಪ ಹತ್ತಿತು. "ಏನಿದು, ಸ್ಟಿಡಮ್?"

"ಆರಿಸು ಅಂದಿದ್ದು ನಾನು, ತಾಯಿ. ಅವನನ್ನ ಬೈಬೇಡಿ."

ಗೇಹಾರ್ಟ್ ಮೇಡಂ ಇಬ್ಬರನ್ನೂ ನೋಡಿದರು. "ಏನು ಕೇಳಿಸಿತು?"

"ಎರಡೂ ಕಡೆ, ಕೆಳಗೆ, ಚಟಪಟ ಸದ್ದು. ಉಸಿರು ಒಳಗೆಳೆಯುವಾಗ, ಕೊನೇಲಿ. ಎಡಗಡೆ ಜಾಸ್ತಿ."

ಅವರು ತಾವೇ ಕೇಳಿ ನೋಡಿದರು. ಕೈಯಲ್ಲಿದ್ದ ಹಾಳೆಗೆ ಗುರುತು ಹಾಕಿದರು. "ಪಾಸು. ಮುಂದಿನ ರೋಗಿ ಹನ್ನೆರಡನೇ ಕೋಣೇಲಿ," ಎಂದು ಹೊರಟುಹೋದರು.

"ಎಂಟು ಜನ ಅಂದ್ಯಲ್ಲ," ಮುದುಕ ಕಣ್ಣು ಮುಚ್ಚಿಯೇ ಕೇಳಿದ. "ಉಳಿದವರು ಎಲ್ಲಿದ್ದಾರೆ?"

"ಒಬ್ಬ ಓಹಾಯೋದಲ್ಲಿ ಲಾರಿ ಓಡಿಸ್ತಾನೆ. ಉಳಿದವರದು ಗೊತ್ತಿಲ್ಲ."

ಲೋವೆಲ್ ಅವನ ಹೊದಿಕೆ ಸರಿಮಾಡಿ ಹೊರಬಂದ. ಮೊಗಸಾಲೆಯ ಬೆಳಕು ಮುಖಕ್ಕೆ ರಪ್ಪೆಂದು ಹೊಡೆಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು, ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದಾಗಲೆಲ್ಲ ಮಾಡುತ್ತಿದ್ದಂತೆ, ಹಿಂದೆ ಬರುವವರನ್ನು ಎಣಿಸಲು ತಿರುಗಿ ನಿಂತ. ಬಾಗಿಲು ತನ್ನಷ್ಟಕ್ಕೆ ತಾನೇ ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು.