ಹಳದಿ ಹಿತ್ತಿಲ ಬಾಗಿಲು

ಗಾಳ ಈ ಸಲವೂ ಬರಿದೇ ಮೇಲೆ ಬಂತು. ಆರ್ಡೆಲ್ಲಾ ಹನ್ನೆರಡು ಅಡಿಯ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸೂರ್ಯನ ಕಡೆ ನೋಡಿದಳು. ಶುಕ್ರವಾರ, ಗಂಟೆ ಒಂಬತ್ತು ದಾಟಿತ್ತು. ಮಧ್ಯಾಹ್ನದೊಳಗೆ ಮೀನು ಸಿಗದಿದ್ದರೆ ಚರ್ಚಿನವರು ನಾಳೆಯ ಊಟಕ್ಕೆ ಪೇಟೆಯಿಂದ ಮೀನು ತರಿಸುತ್ತಾರೆ. ಈಸ್ಟರಿನ ಮುನ್ನಾದಿನದ ಆ ಊಟಕ್ಕೆ ಮೂವತ್ತೊಂದು ವರ್ಷ ಕ್ರ್ಯಾಪಿ ಮೀನು ಬಂದದ್ದು ಇವಳ ಮನೆಯಿಂದ, ಗಂಡ ಹೋಸಿಯಾನ ದೋಣಿಯಿಂದ. ಅವನು ತೀರಿಕೊಂಡು ಐದು ತಿಂಗಳಾಗಿತ್ತು. "ಈ ವರ್ಷ ನಿಮಗ್ಯಾಕೆ ತೊಂದರೆ, ಸಿಸ್ಟರ್?" ಎಂದು ಪಾಸ್ಟರ್ ಪರ್ಡಿ ಮೆತ್ತಗೆ ಕೇಳಿದಾಗ, "ಶುಕ್ರವಾರ ಮಧ್ಯಾಹ್ನದವರೆಗೆ ತಡೀರಿ" ಎಂದುಬಿಟ್ಟಿದ್ದಳು.

ಅಮೆರಿಕದ ಟೆನೆಸ್ಸಿಯ ಆ ಕೆರೆಯಲ್ಲಿ ಗಾಳ ಹಿಡಿದ ಪ್ರತಿಯೊಬ್ಬನಿಗೂ ತನ್ನದೇ ಒಂದು ಪೊದೆಯಿರುತ್ತದೆ. ಚಳಿಗಾಲದಲ್ಲಿ ಸೀಡರ್ ಮರ ಕಡಿದು, ಕಲ್ಲು ಕಟ್ಟಿ, ಯಾರೂ ಕಾಣದಂತೆ ನೀರಿಗೆ ಇಳಿಸುತ್ತಾರೆ. ವಸಂತದಲ್ಲಿ ಡಾಗ್‌ವುಡ್ ಮರ ಹೂ ಬಿಡುವ ಹೊತ್ತಿಗೆ ಕ್ರ್ಯಾಪಿ ಅಲ್ಲಿ ಹಿಂಡು ಕಟ್ಟುತ್ತದೆ. ಪೊದೆ ಎಲ್ಲಿದೆಯೆಂದು ಅಣ್ಣ ತಮ್ಮನಿಗೂ ಹೇಳುವುದಿಲ್ಲ. ಕೇಳುವುದು ಮರ್ಯಾದೆಯೂ ಅಲ್ಲ.

"ಅಣ್ಣ ನನ್ನನ್ನ ಒಂದು ಸಲ ಕರ್ಕೊಂಡು ಹೋಗಿದ್ದ, ಅತ್ತಿಗೆ," ಎಂದ ಹುಟ್ಟು ಹಾಕುತ್ತಿದ್ದ ಮೈದುನ ರಾಸ್ಕೋ. "ಗೋಣಿಚೀಲ ಹೊದಿಸಿ, ದೋಣೀಲಿ ಅಂಗಾತ ಮಲಗಿಸ್ಕೊಂಡು. ಒಡಹುಟ್ಟಿದ ತಮ್ಮನ್ನ, ಸತ್ತ ಹಂದಿ ಸಾಗಿಸೋ ಹಾಗೆ! ಹೋಗ್ಲಿ, ಕಟ್ಕೊಂಡ ಹೆಂಡ್ತಿಗಾದ್ರೂ ಹೇಳಬಾರ್ದಿತ್ತಾ?"

"ನೀನು ನಿನ್ನ ಹೆಂಡ್ತಿಗೆ ಹೇಳಿದ್ದೀಯೇನೋ?"

"ಅಯ್ಯಯ್ಯೋ! ಅವಳಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಬಾರಿಸೋದೂ ಒಂದೇ."

ಆರ್ಡೆಲ್ಲಾ ನಗಲಿಲ್ಲ. ಬೆರಳಿನಲ್ಲಿ ಗಾಳವನ್ನು ಹೊರಳಿಸಿದಳು. ಸೀಸದ ಪುಟ್ಟ ತಲೆ, ಅಳಿಲಿನ ಬಾಲದ ಕೂದಲು, ಸುತ್ತಲೂ ಕೆಂಪು ದಾರ. ಹೋಸಿಯಾನ ಗಾಳಗಳನ್ನೆಲ್ಲ ಕಟ್ಟಿದವಳು ಅವಳೇ. ಗಾಳ ತನ್ನದು, ಮೀನು ಹುರಿದ ಬಾಣಲೆ ತನ್ನದು. ನಡುವಿನ ಆ ಒಂದು ಜಾಗ ಮಾತ್ರ ಅವನು ಜೊತೆಗೇ ಒಯ್ದಿದ್ದ. "ದೇವರೇ, ನಿನ್ನ ಚಿತ್ತ" ಎಂದುಕೊಂಡು, "ತಿರುಗಿಸಪ್ಪ ದೋಣಿ, ಮನೆಗೆ ಹೋಗೋಣ" ಎಂದಳು.

ದೋಣಿ ತಿರುಗಿತು. ಎದುರಿಗೆ ನೀರಿನೊಳಗೇ ನಿಂತ ಎರಡು ಸೈಪ್ರೆಸ್ ಮರಗಳು, ಅವುಗಳ ಕಿರಿದಾದ ಸಂದಿನಲ್ಲಿ ಏನೋ ಹಳದಿ ಮಿಂಚಿ ಮರೆಯಾಯಿತು. ಅವಳ ಮನೆಯ ಹಿತ್ತಿಲ ಬಾಗಿಲು. ಕೆರೆಯ ಈ ಮಗ್ಗುಲಿನಿಂದ ಅವಳು ತನ್ನ ಮನೆಯನ್ನು ಎಂದೂ ನೋಡಿರಲಿಲ್ಲ.

ಪ್ರತಿ ಫೆಬ್ರವರಿಯಲ್ಲಿ ಹೋಸಿಯಾ ಆ ಬಾಗಿಲಿಗೆ ಹಳದಿ ಬಳಿಯುತ್ತಿದ್ದ. "ಬೀದಿ ಬಾಗಿಲ ಬಣ್ಣ ಹಕ್ಕಳೆ ಎದ್ದಿದೆ, ಯಾರೂ ನೋಡದ ಹಿತ್ತಿಲ ಬಾಗಿಲಿಗೆ ಯಾಕೆ ಈ ಸಿಂಗಾರ?" ಎಂದು ಅವಳು ಪ್ರತಿ ವರ್ಷವೂ ಬೈಯುತ್ತಿದ್ದಳು. "ನೋಡಬೇಕಾದವನು ನೋಡ್ತಾನೆ ಬಿಡೇ" ಎಂದು ಅವನು ನಗುತ್ತಿದ್ದ. ದೇವರ ಬಗ್ಗೆ ಮಾತಾಡುತ್ತಿದ್ದಾನೆಂದು ತಿಳಿದು ಅವಳು ಸುಮ್ಮನಾಗುತ್ತಿದ್ದಳು.

"ರಾಸ್ಕೋ, ಹುಟ್ಟು ಇಲ್ಲಿ ಕೊಡು. ಆ ಗೋಣಿಚೀಲ ತಗೋ."

"ಯಾಕೆ?"

"ಹೊದ್ಕೊಂಡು ಮಲಕ್ಕೋ."

ರಾಸ್ಕೋ ಅವಳ ಮುಖ ನೋಡಿದ. ಚೀಲ ಎಳೆದುಕೊಂಡು ಅಂಗಾತ ಮಲಗಿದ. ಆರ್ಡೆಲ್ಲಾ ತಾನೇ ಹುಟ್ಟು ಹಾಕಿದಳು. ಮರಗಳಿಗೆ ಹತ್ತಿರ ಹೋದರೆ ಬಾಗಿಲಿನ ಎರಡೂ ಪಕ್ಕ ಬಿಳಿ ಗೋಡೆ ಕಾಣುತ್ತಿತ್ತು. ದೂರ ಸರಿದರೆ ಬಾಗಿಲೇ ಅರ್ಧ ಮರೆಯಾಗುತ್ತಿತ್ತು. ಹಿಂದೆ, ಮುಂದೆ, ಮತ್ತೆ ಚೂರು ಹಿಂದೆ. ಒಂದೇ ಒಂದು ಕಡೆ, ಗೋಡೆಯ ಗೆರೆಯೂ ಕಾಣದಂತೆ, ಎರಡು ಮರಗಳ ನಡುವೆ ಹಳದಿ ಬಾಗಿಲು ಚೌಕಟ್ಟಿಗೆ ಕೂರಿಸಿದ ಹಾಗೆ ಕೂತಿತು. ದೋಣಿ ನಿಲ್ಲಿಸಿ ಗಾಳವನ್ನು ನೇರ ಕೆಳಗೆ ಬಿಟ್ಟಳು. ಟಕ್. ನೀರಡಿಯ ಸೀಡರ್ ರೆಂಬೆ ತಗುಲಿತು, ಹೋಸಿಯಾನ ಪೊದೆ.

ಅವಳು ದಾರವನ್ನು ಒಂದಡಿ ಮೇಲಕ್ಕೆತ್ತಿ ಹಿಡಿದಳು. ಕ್ರ್ಯಾಪಿ ಮೇಲಕ್ಕೇ ನೋಡುವ ಮೀನು, ತನಗಿಂತ ಕೆಳಗಿರುವುದನ್ನು ಮುಟ್ಟುವುದಿಲ್ಲ. ಕೋಲಿನ ತುದಿ ಸುಮ್ಮನೆ ತಲೆದೂಗಿತು. ಬಂತು ಮೊದಲನೆಯದು, ಅಂಗೈ ಮೀರಿದ ಅಗಲ, ಬೆಳ್ಳಿಯ ಮೈತುಂಬ ಕಪ್ಪು ಚುಕ್ಕೆ.

"ಅತ್ತಿಗೆ! ಸದ್ದು ಕೇಳಿಸ್ತು! ನನ್ನ ಕೈಗೂ ಒಂದು ಕೋಲು ಕೊಡಿ, ನಿಮ್ಮ ದಮ್ಮಯ್ಯ."

"ಚೀಲ ತೆಗೆಯೋ ಹಾಗಿಲ್ಲ." ದಾರ ಎಷ್ಟು ಆಳಕ್ಕೆ ಬಿಡಬೇಕೆಂಬ ಅಳತೆ ಅವಳೇ ಇಟ್ಟುಕೊಟ್ಟಳು. ಚೀಲದೊಳಗೆ ಏನೂ ಕಾಣದ ರಾಸ್ಕೋ ಮೊದಲ ಮೀನಿಗೇ ಜಗ್ಗಿದ. ಬಾಯಿ ಹರಿದುಕೊಂಡು ಅದು ಹೋಯಿತು. "ಎಳೀಬೇಡ್ವೋ, ಎತ್ತು! ಅದರ ಬಾಯಿ ಕಾಗದ ಇದ್ದ ಹಾಗೆ. ನಿಮ್ಮಣ್ಣ ಇಷ್ಟೂ ಕಲಿಸಲಿಲ್ವಾ?"

ದಿನಕ್ಕೆ ತಲೆಗೆ ಮೂವತ್ತೇ ಮೀನು ಎಂಬ ಸರ್ಕಾರದ ಮಿತಿ ತುಂಬಿದಾಗ ಅವಳು ಕೋಲು ಎತ್ತಿಟ್ಟಳು. ಐಸ್ ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ.

ಮಧ್ಯಾಹ್ನ ಪಾಸ್ಟರ್ ಪರ್ಡಿ ಬಂದಾಗ ಅತ್ತಿಗೆ ಮೈದುನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮೀನು ಹಸನು ಮಾಡುತ್ತಿದ್ದರು. ಪಾಸ್ಟರ್ ಪೆಟ್ಟಿಗೆಯೊಳಗೆ ಇಣುಕಿದರು, ಹ್ಯಾಟು ತೆಗೆದರು. ಅವರೂ ಗಾಳದವರೇ. ಏನೋ ಕೇಳಲು ಹೊರಟು, ಮರ್ಯಾದೆ ನೆನಪಾಗಿ ನುಂಗಿಕೊಂಡರು.

"ನಾಳೆ ಹೋಸಿಯಾನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ, ಸಿಸ್ಟರ್."

"ಮಾಡಿ ಪಾಸ್ಟರ್. ಮೀನು ತಂದೋಳ ಹೆಸರನ್ನೂ ಸೇರಿಸಿ," ಎಂದಳು ಆರ್ಡೆಲ್ಲಾ, ಚೂರಿ ನಿಲ್ಲಿಸದೆ.

ಪಾಸ್ಟರ್ ನಕ್ಕರು. ಅವರ ಕಣ್ಣು ಅವಳ ಬೆನ್ನ ಹಿಂದಿನ ಬಾಗಿಲಿಗೆ ಹೋಯಿತು. "ಇದರ ಬಣ್ಣ ಮಾಸಿದೆಯಲ್ಲ. ನಮ್ಮ ಸಂಘದ ಹುಡುಗರನ್ನ ಕಳಿಸ್ತೀನಿ, ಗೋಡೆಗೆ ಹೊಂದೋ ಹಾಗೆ ಬಿಳಿ ಬಳಿದು ಹೋಗ್ತಾರೆ."

"ಬೀದಿ ಬಾಗಿಲಿಗೆ ಬಳೀಲಿ. ಇದಕ್ಕೆ ಹಳದೀನೇ, ಅದನ್ನ ನಾನೇ ಬಳಿಯೋದು."

"ಹಿತ್ತಿಲ ಬಾಗಿಲನ್ನ ಯಾರು ನೋಡ್ತಾರೆ, ಸಿಸ್ಟರ್?"

"ನೋಡಬೇಕಾದವರು ನೋಡ್ತಾರೆ ಪಾಸ್ಟರ್."

ಪಾಸ್ಟರ್ ಹ್ಯಾಟನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಭಕ್ತಿಯಿಂದ "ಆಮೆನ್" ಎಂದರು.