ಆರು ಬೆಳ್ಳಿ ಗುಂಡುಗಳ ಕಿರೀಟ

ತಂಗಿ ಮಿಲಿಸೆಂಟ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಮತ್ತೆ ಕೆಮ್ಮಿದಳು. ಅಪ್ಪನ ಕಿರೀಟವನ್ನು ಉಜ್ಜುತ್ತಿದ್ದ ಅಗಸ್ಟಾಳ ಕೈ ಆಸೆಯಿಂದ ನಿಂತಿತು. ಥಾರ್ನ್‌ಲಿಯ ಬ್ಯಾರನ್ ಎಂಬ ವಂಶದ ಪದವಿ ಹೊತ್ತಿದ್ದ ಅಪ್ಪ ಗಂಡುಮಕ್ಕಳಿಲ್ಲದೆ ಸತ್ತು ನಲವತ್ತು ವರ್ಷವಾಗಿತ್ತು. ಹೆಣ್ಣುಮಕ್ಕಳಿಬ್ಬರಿಗೂ ಸಮಪಾಲೆಂಬ ಕಟ್ಟಳೆಯಿಂದ ಪದವಿ ಯಾರಿಗೂ ದಕ್ಕದೆ ನೇತಾಡುತ್ತಿತ್ತು. ಒಬ್ಬಳು ಮಕ್ಕಳಿಲ್ಲದೆ ಸತ್ತರಷ್ಟೇ ಅದು ಇನ್ನೊಬ್ಬಳಿಗೆ. ಅಕ್ಕತಂಗಿಯರು ಪ್ರತಿ ಭಾನುವಾರ ಚಹಾಕ್ಕೆ ಸೇರುತ್ತಿದ್ದದ್ದೇ ಒಬ್ಬರ ಮೈ ಎಷ್ಟು ಇಳಿದಿದೆಯೆಂದು ಇನ್ನೊಬ್ಬರು ನೋಡಲು.

"ಕ್ರಿಸ್‌ಮಸ್‌ವರೆಗೂ ಇರಲ್ವಂತೆ ನಾನು, ಡಾಕ್ಟ್ರು ಹೇಳಿದ್ರು," ಎಂದಳು ಮಿಲಿಸೆಂಟ್. "ನಗೋದಿದ್ರೆ ನಕ್ಕುಬಿಡು ಅಕ್ಕ."

"ಛೆ, ಏನ್ ಮಾತಾಡ್ತೀಯ. ಕೇಕ್ ತಗೋ." ಅಗಸ್ಟಾ ಆರನೆಯ ಬೆಳ್ಳಿ ಗುಂಡನ್ನು ಅಕ್ಕರೆಯಿಂದ ಉಜ್ಜಿದಳು. ಪದವಿ ಬಂದಮೇಲೆ 'ಲೇಡಿ ಥಾರ್ನ್‌ಲಿ' ಎಂಬುದು ಪಾದ್ರಿಯ ಬಾಯಲ್ಲಿ ಹೇಗೆ ಕೇಳಿಸೀತೆಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಮಿಲಿಸೆಂಟ್ ಕೈಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದು ಕಿರೀಟದ ಪಕ್ಕ ಬಿಡಿಸಿಟ್ಟಳು. ಅದು ಚರ್ಚಿನ ಮದುವೆ ಪತ್ರ. ವಧುವಿನ ಹೆಸರು ಅವಳದೇ, ವರನ ಕಸುಬು ತೋಟದ ಕೆಲಸ.

"ನಮ್ಮ ತೋಟದ ನೆಡ್ ನೆನಪಿದ್ದಾನಾ? ಅಪ್ಪ ನಾಯಿ ಛೂ ಬಿಟ್ಟು ಓಡಿಸಿದ್ರಲ್ಲ, ಅವನೇ. ಅಷ್ಟೊತ್ತಿಗಾಗ್ಲೇ ನಮ್ಮ ಮದುವೆ ಆಗೋಗಿತ್ತು. ನಮ್ಮ ಮಗ ನೆಡ್ ಹತ್ರಾನೇ ಬೆಳೆದ, ಈಗ ಲೀಡ್ಸ್‌ನಲ್ಲಿ ಲಾರಿ ಓಡಿಸ್ತಾನೆ. ಅವನಿಗೆ ನಾಲ್ಕು ಮಕ್ಕಳು, ಒಂದಕ್ಕೂ ಕೆಮ್ಮಿಲ್ಲ. ನನ್ನ ಪಾಲು ಅವನಿಗೆ. ನಿನಗಂತೂ ಮಕ್ಕಳಿಲ್ಲ, ನೀನು ಹೋದ್ಮೇಲೆ ಅವನೇ ಬ್ಯಾರನ್. ಐವತ್ತು ವರ್ಷ ಮುಚ್ಚಿಟ್ಟಿದ್ದೆ, ನಿನ್ನ ಈ ಮುಖ ನೋಡೋಕೆ."

ಅಗಸ್ಟಾಳ ಕೈಯ ಬಟ್ಟೆ ಜಾರಿ ಚಹಾದೊಳಗೆ ಬಿತ್ತು.

ಮಿಲಿಸೆಂಟ್ ಕೇಕಿನ ದೊಡ್ಡ ಚೂರನ್ನೇ ಆರಿಸಿಕೊಂಡಳು. "ಯಾಕೆ ನಿಲ್ಲಿಸ್ದೆ? ಉಜ್ಜು ಅಕ್ಕ. ಲಾರಿಯವನ ತಲೆ ಮೇಲೆ ಚೆನ್ನಾಗಿ ಹೊಳೀಬೇಕು."