ಎಷ್ಟು ವರ್ಷಕ್ಕೆ ಬೇಕು?

"ವಯಸ್ಸು ನೋಡಬೇಡಿ, ಮೀಟರ್ ನೋಡಿ," ಎನ್ನುತ್ತ ಹಳೆಯ ಕಾರುಗಳ ವ್ಯಾಪಾರಿ ಬೂದು ಬಣ್ಣದ ಕಾರಿನ ಬಾಗಿಲು ತೆರೆದ. "ಹನ್ನೆರಡು ವರ್ಷದ ಗಾಡಿ, ಓಡಿರೋದು ಬರೀ ಮೂವತ್ತು ಸಾವಿರ. ಇದರ ಯಜಮಾನರು ತೊಳೆಯೋಕೆ ಮಾತ್ರ ಆಚೆ ತೆಗೀತಿದ್ರು."

ಅದರ ಪಕ್ಕದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದಕ್ಕೆ ಮೂರೇ ವರ್ಷ. ಆದರೆ ಬಾಡಿಗೆಗೆ ದುಡಿದು ಒಂದೂವರೆ ಲಕ್ಷ ಕಿಲೋಮೀಟರು ಓಡಿ ಬಂದಿತ್ತು. "ಇದಕ್ಕಾದ್ರೆ ಮೀಟರ್ ನೋಡಬೇಡಿ, ವಯಸ್ಸು ನೋಡಿ," ಎಂದ ವ್ಯಾಪಾರಿ. ಎಲುಬಿಲ್ಲದ ನಾಲಿಗೆ, ಅತ್ತಲೂ ಹೊರಳಿತು, ಇತ್ತಲೂ ಹೊರಳಿತು.

ಕೊಳ್ಳಲು ಬಂದವನು ದರ್ಜಿ. ಕತ್ತಿನಲ್ಲಿದ್ದ ಟೇಪು ತೆಗೆದು ಬಿಳಿ ಕಾರಿನ ಹಿಂದಿನ ಸೀಟನ್ನು ಉದ್ದಕ್ಕೆ ಅಳೆದ. ಹೆಂಡತಿ ಮಲಗಿಕೊಂಡು ಬರಲು ಅಷ್ಟು ಜಾಗ ಸಾಕೇ ಎಂದು ಅವನಿಗೆ ತಿಳಿಯಬೇಕಿತ್ತು. ಅವಳ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ರಕ್ತ ಸೋಸಿಸಿಕೊಂಡು ಬರಬೇಕು. ಬರುವಾಗ ಬಸ್ಸಿನ ಕಂಬಿ ಹಿಡಿದು ನಿಲ್ಲುವ ತ್ರಾಣ ಉಳಿದಿರುತ್ತಿರಲಿಲ್ಲ.

"ಏನು ಸ್ವಾಮಿ, ಕಾರಿಗೆ ಕೋಟು ಹೊಲಿತೀರಾ?" ಎಂದ ವ್ಯಾಪಾರಿ.

"ಮೊದಲನೇ ಸಲ ನನ್ನ ನೋಡಿದಾಗಲೂ ಇವರ ಕತ್ತಲ್ಲಿ ಆ ಟೇಪಿತ್ತು," ಎಂದಳು ಹೆಂಡತಿ, ಹಳೆಯ ಟಯರುಗಳ ರಾಶಿಯ ಮೇಲೆ ಕುಳಿತಲ್ಲಿಂದಲೇ. "ಅವರು ಅಳೀಲಿ ಬಿಡಿ. ನೀವು ಬೂದು ಬಣ್ಣದ್ದರ ವಿಷಯ ಹೇಳಿ. ಇಂಜಿನ್ ಹೇಗಿದೆ?"

"ಬೆಣ್ಣೆ ಇದ್ದ ಹಾಗಿದೆ, ಅಮ್ಮಾ. ಫಿಲ್ಟರ್ ಒಂದು ಹೋಗಿದೆ. ಬೇರೆ ಹಾಕಿದ್ರೆ ಆಯ್ತು."

"ನನ್ನದೂ ಅದೇ ಹೋಗಿರೋದು. ನಿಮ್ಮಲ್ಲಿ ಸಿಗುತ್ತಾ?"

ವ್ಯಾಪಾರಿ ನಕ್ಕ, ಏಕೆ ನಕ್ಕೆನೆಂದು ತಿಳಿಯದೆ ನಡುವೆ ನಿಲ್ಲಿಸಿದ.

ದರ್ಜಿಗೆ ನಗು ಬರಲಿಲ್ಲ. ಹೋದ ತಿಂಗಳು ಡಾಕ್ಟರು ಅವನೊಬ್ಬನನ್ನೇ ಬಾಗಿಲ ಹೊರಗೆ ಕರೆದು, "ಎರಡು ವರ್ಷ. ಅದಕ್ಕಿಂತ ಹೆಚ್ಚಿಗೆ ಆಸೆ ಇಟ್ಟುಕೋಬೇಡಿ," ಎಂದಿದ್ದರು. ಆ ಮಾತನ್ನು ಅವನು ದೇವರ ಮುಂದೆ ಬಿಟ್ಟರೆ ಇನ್ನಾರ ಮುಂದೆಯೂ ಆಡಿರಲಿಲ್ಲ. ದೇವರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವನಲ್ಲ ಎಂಬ ಧೈರ್ಯ.

"ಬಿಳೀದೇ ಇರಲಿ," ಎಂದ.

"ಒಂದೂವರೆ ಲಕ್ಷ ಓಡಿದೆ ರೀ! ಬೆಲೇನೂ ಜಾಸ್ತಿ."

"ದುಡಿದ ಮೈ ಗಟ್ಟಿ ಇರುತ್ತೆ ಕಣೆ. ಉಡದೆ ಪೆಟ್ಟಿಗೇಲಿಟ್ಟ ರೇಷ್ಮೆ ಮಡಿಕೇಲೇ ಹರಿಯೋದು ನೀನು ನೋಡಿಲ್ವಾ?"

"ರೇಷ್ಮೆಗೆ ನಾಲ್ಕು ಚಕ್ರ ಇರೋದು ನೋಡಿಲ್ಲ."

"ಜಗಳ ಬೇಡ," ಎಂದು ವ್ಯಾಪಾರಿ ನಡುವೆ ಬಂದ. "ಇದಕ್ಕೆ ಒಂದೇ ಲೆಕ್ಕ. ಈ ಬೂದು ಬಣ್ಣದ್ದು ಒಂದೆರಡು ವರ್ಷ ಕೂದಲು ಕೊಂಕದ ಹಾಗೆ ಓಡುತ್ತೆ. ಆಮೇಲೆ ರಬ್ಬರು, ಪೈಪು ಎಲ್ಲಾ ಬಿರುಕು ಬಿಡೋಕೆ ಶುರುವಾಗುತ್ತೆ, ಬಿಡಿಭಾಗಾನೂ ಸಿಗಲ್ಲ. ಬಿಳೀದಕ್ಕೆ ಈಗ ಕೈ ಬಿಚ್ಚಿ ಖರ್ಚು ಮಾಡಿದ್ರೆ ಹತ್ತು ವರ್ಷ ಬಾಳಿಕೆ ಬರುತ್ತೆ. ನೀವು ಎಷ್ಟು ವರ್ಷ ಇಟ್ಕೋತೀರಿ? ಅಷ್ಟು ಹೇಳಿ ಸಾಕು, ಯಾವುದು ಅಂತ ನಾನೇ ಹೇಳ್ತೀನಿ."

ದರ್ಜಿ ತುಟಿಯಲ್ಲಿ ಸೂಜಿ ಕಚ್ಚಿಕೊಂಡವನ ಹಾಗೆ ನಿಂತುಬಿಟ್ಟ. ಹತ್ತು ಎಂದರೆ ಸುಳ್ಳಾಗುತ್ತಿತ್ತು. ಎರಡು ಎಂದರೆ ಗುಟ್ಟು ರಟ್ಟಾಗುತ್ತಿತ್ತು.

"ಎರಡು," ಎಂದಳು ಹೆಂಡತಿ, ಅಂಗೈಗೆ ಹತ್ತಿದ ಟಯರಿನ ಮಸಿ ಒರೆಸಿಕೊಳ್ಳುತ್ತ.

ಅವನು ತಟ್ಟನೆ ತಿರುಗಿದ. "ಯಾರು ಹೇಳಿದ್ರು ನಿನಗೆ?"

"ಆಸ್ಪತ್ರೆ ಬಾಗಿಲು ಹಲಗೇದು ರೀ, ಕಲ್ಲಿನದಲ್ಲ. ಬೂದು ಬಣ್ಣದ್ದೇ ತಗೊಳ್ಳಿ. ಉಳಿದ ದುಡ್ಡಲ್ಲಿ ಅಂಗಡಿ ಸೂರಿಗೆ ಹೊಸ ತಗಡು ಹಾಕಿಸಿ. ಸೋರೋ ಕಡೆ ಬಕೆಟ್ ಇಡಬೇಕು ಅಂತ ನಿಮಗೆ ಯಾವತ್ತು ತೋಚಿದೆ?"

ವ್ಯಾಪಾರಿಗೆ ಈಗ ಅರ್ಥವಾಯಿತು. ಎರಡು ಕಾರಿನ ಕೀಲಿಗಳನ್ನೂ ಕೈಯಲ್ಲಿ ಹಿಡಿದು, ಯಾವುದನ್ನು ಮುಂದೆ ಚಾಚಬೇಕೆಂದು ತಿಳಿಯದೆ, ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡ.

ದರ್ಜಿ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕೊನೆಗೆ ಹೆಂಡತಿಯ ಕಡೆ ನೋಡದೆ ವ್ಯಾಪಾರಿಗೆ ಹೇಳಿದ: "ನೋಡಿ, ಇಷ್ಟು ವರ್ಷದಲ್ಲಿ ನಾನು ಯಾರ ಬಟ್ಟೇನೂ ಅಳತೆಗೆ ಸರಿಯಾಗಿ ಕತ್ತರಿಸಿದವನಲ್ಲ. ಒಳಗೆ ಒಂದಿಷ್ಟು ಬಿಟ್ಟೇ ಹೊಲಿಯೋದು. ಮುಂದೆ ಬೇಕು ಅಂದ್ರೆ ಬಿಚ್ಚಿ ದೊಡ್ಡದು ಮಾಡಬಹುದು. ಎರಡು ಅನ್ನೋದು ಡಾಕ್ಟರು ತೆಗೆದ ಅಳತೆ. ಬಿಳೀದೇ ಕೊಡಿ."

ಹಾಗೆ ಒಳಗೆ ಬಿಟ್ಟ ಅಂಚನ್ನೆಲ್ಲ ಮಡಚಿ ಕೈಹೊಲಿಗೆ ಹಾಕುತ್ತ ಬಂದವಳು ಅವಳೇ. ಟಯರಿನ ರಾಶಿಗೆ ಕೈಯೂರಿ ಮೆಲ್ಲನೆ ಎದ್ದು, ಬಿಳಿ ಕಾರಿನ ಸುತ್ತ ಒಂದು ಸಲ ನಡೆದು ನೋಡಿದಳು.

"ಬಿಡೋದೇ ಆದ್ರೆ ಜಾಸ್ತೀನೇ ಬಿಡಿ," ಎಂದಳು. "ಬಟ್ಟೆ ವಿಷಯದಲ್ಲಿ ನೀವು ಮೊದಲಿಂದ್ಲೂ ಜಿಪುಣರು."